ಬೈಗುಳದ ಬೇರುಗಳು: ಶಾಪ, ಆಣೆ ಮತ್ತು ನಿಂದೆ

ಕಟುಮಾತಿನ ಪ್ರಯೋಗಕ್ಕೆ ಕನ್ನಡದಲ್ಲಿ ಒಂದೇ ಹೆಸರಿಲ್ಲ. ಎದುರಿಗಿರುವವನನ್ನು ಹೀನವಾದ ಹೆಸರಿನಿಂದ ಕರೆದರೆ ಅದು ಬೈಗುಳ. ಅವನಿಗೆ ಕೇಡಾಗಲೆಂದು ಹಾರೈಸಿದರೆ ಶಾಪ. ಅವನ ಗುಣಶೀಲಗಳನ್ನು ಹಳಿದರೆ ನಿಂದೆ. ದೇವರನ್ನೋ ಹೆತ್ತವರನ್ನೋ ಸಾಕ್ಷಿಗೆ ಕರೆದು ತನ್ನ ಮಾತಿಗೆ ಬಲ ತಂದುಕೊಂಡರೆ ಆಣೆ. ನಾಲ್ಕು ಜನರ ನಡುವೆ ಎತ್ತಬಾರದ ಅಂಗಗಳ, ಕ್ರಿಯೆಗಳ ಹೆಸರೆತ್ತಿದರೆ ಅಶ್ಲೀಲ. ದಿನಬಳಕೆಯಲ್ಲಿ ಇವು ಒಂದರೊಳಗೊಂದು ಬೆರೆತೇ ಬರುತ್ತವೆಯಾದರೂ ಇವುಗಳ ಹುಟ್ಟು ಬೇರೆ ಬೇರೆ, ಮತ್ತು ಒಂದು ಸಮಾಜದ ಬೈಗುಳ ಇವುಗಳಲ್ಲಿ ಯಾವ ಮೂಲದಿಂದ ಹೆಚ್ಚಾಗಿ ನೀರುಂಡಿದೆಯೆಂದು ನೋಡಿದರೆ ಆ ಸಮಾಜ ಯಾವುದಕ್ಕೆ ಅಂಜುತ್ತಿತ್ತು, ಯಾವುದನ್ನು ಮಾನವೆಂದು ಎಣಿಸುತ್ತಿತ್ತು ಎಂಬುದು ತಿಳಿದುಬರುತ್ತದೆ. ಕ್ರೈಸ್ತ ಯುರೋಪಿನಲ್ಲಿ ಬೈಗುಳದ ದೊಡ್ಡದೊಂದು ಪಾಲು ಆಣೆಯಿಂದ, ಅಂದರೆ ದೇವರ ಹೆಸರಿನ ದುರ್ಬಳಕೆಯಿಂದ ಹುಟ್ಟಿತು. ಕನ್ನಡದ ಬೈಗುಳ ಹುಟ್ಟಿದ್ದು ಶಾಪದಿಂದ ಮತ್ತು ಹುಟ್ಟಿನ ಮಾನದಿಂದ. ಈ ವ್ಯತ್ಯಾಸವನ್ನು ಹಿಡಿಯದೆ ಕನ್ನಡದ ಬೈಗುಳವನ್ನು ಅರ್ಥಮಾಡಿಕೊಳ್ಳುವುದು ಕಷ್ಟ.

ಆಡಬಾರದ ಮಾತುಗಳನ್ನು ವಿಂಗಡಿಸುವ ಕೆಲಸವನ್ನು ಭಾರತೀಯ ಕಾವ್ಯಮೀಮಾಂಸೆ ಬಹಳ ಹಿಂದೆಯೇ ಮಾಡಿತ್ತು. ಎಂಟನೆಯ ಶತಮಾನದ ವಾಮನನೂ ಅವನ ಅನಂತರ ಹನ್ನೊಂದನೆಯ ಶತಮಾನದ ಮಮ್ಮಟನೂ ಕಾವ್ಯದೋಷಗಳಲ್ಲಿ ಒಂದಾದ ಅಶ್ಲೀಲವನ್ನು ಮೂರು ಬಗೆಯಾಗಿ ಹೇಳುತ್ತಾರೆ: ವ್ರೀಡೆ, ಎಂದರೆ ನಾಚಿಕೆ ತರುವಂಥದು; ಜುಗುಪ್ಸೆ, ಎಂದರೆ ಹೇಸಿಗೆ ಹುಟ್ಟಿಸುವಂಥದು; ಅಮಂಗಳ, ಎಂದರೆ ಸಾವುನೋವುಗಳನ್ನು ನೆನಪಿಗೆ ತರುವಂಥದು. ಇಂದಿನ ಭಾಷಾವಿಜ್ಞಾನಿಗಳು ಲೋಕದ ಬೈಗುಳಗಳನ್ನೆಲ್ಲ ಕಾಮ, ಮಲಮೂತ್ರ, ರೋಗ ಮತ್ತು ಮರಣ, ದೈವ ಎಂದು ವಿಂಗಡಿಸುವಾಗ ಕೊನೆಯದೊಂದನ್ನು ಬಿಟ್ಟರೆ ಉಳಿದವೆಲ್ಲ ಈ ಹಳೆಯ ಮೂರು ಮನೆಗಳಲ್ಲೇ ಕೂರುತ್ತವೆ. ದೈವವೆಂಬ ನಾಲ್ಕನೆಯ ಮನೆ ವಾಮನನಿಗೆ ಬೇಕೆನಿಸಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಮೂರರಲ್ಲಿ ಅಮಂಗಳದ ಅಂಜಿಕೆ ಕನ್ನಡಿಗರ ಮಾತಿನಲ್ಲಿ ಎಷ್ಟು ಆಳಕ್ಕಿಳಿದಿದೆಯೆಂಬುದನ್ನು ಮನೆಮಾತುಗಳೇ ತೋರಿಸುತ್ತವೆ. ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎನ್ನದೆ ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ದೀಪವನ್ನು ಆರಿಸು ಎನ್ನದೆ ದೊಡ್ಡದು ಮಾಡು ಎನ್ನುತ್ತಾರೆ. ಹಾವು ಕಚ್ಚಿದರೆ ಹುಳ ಮುಟ್ಟಿತು ಎನ್ನುತ್ತಾರೆ. ಸತ್ತವರು ತೀರಿಕೊಳ್ಳುತ್ತಾರೆ, ಶಿವನ ಪಾದ ಸೇರುತ್ತಾರೆ. ಆಡಿದ ಮಾತು ನಡೆದುಬಿಡಬಹುದೆಂಬ ನಂಬಿಕೆಯೇ ಈ ಎಚ್ಚರಿಕೆಗೆಲ್ಲ ಕಾರಣ, ಮತ್ತು ಶಾಪಕ್ಕೆ ಬಲ ಬರುವುದೂ ಅದೇ ನಂಬಿಕೆಯಿಂದ.

ಯುರೋಪಿನ ಕಥೆ ಬೇರೆ. ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದೆಂಬುದು ಬೈಬಲ್ಲಿನ ಹತ್ತು ಕಟ್ಟಳೆಗಳಲ್ಲಿ ಒಂದಾದ್ದರಿಂದ, ಅಲ್ಲಿ ಮಾತುಮಾತಿಗೆ ಕ್ರಿಸ್ತನ ಗಾಯಗಳ ಮೇಲೆ, ರಕ್ತದ ಮೇಲೆ ಆಣೆಯಿಡುವುದೇ ಘೋರವಾದ ಬೈಗುಳವೆನಿಸಿತು. ಇಂಗ್ಲಿಷಿನಲ್ಲಿ ಆಣೆಯಿಡುವುದಕ್ಕೂ ಬೈಯುವುದಕ್ಕೂ ಇಂದಿಗೂ ಒಂದೇ ಕ್ರಿಯಾಪದವಿರುವುದು ಈ ಚರಿತ್ರೆಯ ಗುರುತು. 1606ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ರಂಗದ ಮೇಲೆ ದೇವರ, ಕ್ರಿಸ್ತನ ಹೆಸರನ್ನು ಹಗುರವಾಗಿ ಬಳಸಿದ ನಟರಿಗೆ ಹತ್ತು ಪೌಂಡು ದಂಡ ವಿಧಿಸುವ ಕಾಯಿದೆ ತಂದಿತು. ಅದರ ಫಲವಾಗಿ ಶೇಕ್ಸ್‌ಪಿಯರನ ನಾಟಕಗಳ ಅನಂತರದ ಮುದ್ರಣಗಳಲ್ಲಿ ಅನೇಕ ಆಣೆಗಳು ಕಾಣೆಯಾದವು. ಕೆನಡಾದ ಕ್ಯುಬೆಕ್ ಪ್ರಾಂತದ ಫ್ರೆಂಚ್ ಭಾಷಿಕರಲ್ಲಿ ಇಂದಿಗೂ ಅತಿ ಕಟುವಾದ ಬೈಗುಳಗಳು ಪೂಜೆಯ ಬಟ್ಟಲು, ಪ್ರಸಾದದ ರೊಟ್ಟಿ, ಅದನ್ನಿಡುವ ಪೆಟ್ಟಿಗೆ ಮುಂತಾದ ಇಗರ್ಜಿಯ ಸಾಮಗ್ರಿಗಳ ಹೆಸರುಗಳೇ. ಡಚ್ಚರು ಮಾತ್ರ ರೋಗಗಳ ಹೆಸರಿನಿಂದ, ಕ್ಯಾನ್ಸರ್, ಟೈಫಾಯ್ಡ್, ಕ್ಷಯಗಳನ್ನು ಹಿಡಿದು ಬೈಯುತ್ತಾರೆ.

ಕನ್ನಡ ನಾಡಿನಲ್ಲಿ ಆಣೆಗೇನೂ ಕೊರತೆಯಿಲ್ಲ. ದೇವರಾಣೆ, ತಾಯಾಣೆ, ನನ್ನಾಣೆ, ಮಕ್ಕಳಾಣೆ ಎನ್ನದೆ ಒಂದು ಜಗಳ ಮುಗಿಯುವುದಿಲ್ಲ. ಧರ್ಮಸ್ಥಳದ ಮಂಜುನಾಥನ ಮೇಲಿನ ಆಣೆಗೆ ಕೋರ್ಟಿನ ಪ್ರಮಾಣಕ್ಕಿಂತ ಹೆಚ್ಚಿನ ತೂಕ ಕೊಡುವವರು ಕರಾವಳಿಯಲ್ಲಿ ಇಂದಿಗೂ ಇದ್ದಾರೆ. ಆದರೆ ಈ ಆಣೆ ಎಂದೂ ಬೈಗುಳವಾಗಲಿಲ್ಲ. ಕಾಲಿಗೆ ಕಲ್ಲು ತಾಗಿದರೂ ಕೆಟ್ಟ ಸುದ್ದಿ ಕೇಳಿದರೂ ‘ಶಿವಶಿವಾ’, ‘ರಾಮರಾಮಾ’ ಎನ್ನುವುದು ದೇವರಿಗೆ ಅಪಚಾರವೆಂದು ಯಾರಿಗೂ ತೋರುವುದಿಲ್ಲ. ಹೇಗೆ ಎತ್ತಿದರೂ ದೇವರ ಹೆಸರು ಪುಣ್ಯವನ್ನೇ ಕೊಡುತ್ತದೆಂಬುದು ಇಲ್ಲಿನ ನಂಬಿಕೆ. ಸಾಯುವಾಗ ನಾರಾಯಣನೆಂಬ ಮಗನನ್ನು ಕೂಗಿ ಕರೆದ ಅಜಾಮಿಳನಿಗೆ ಯಮದೂತರಿಂದ ಬಿಡುಗಡೆಯಾದ ಭಾಗವತದ ಕಥೆ ಈ ತರ್ಕದ ಕೊನೆಯ ಮೆಟ್ಟಿಲು. ನೂರು ಬಾರಿ ಕೃಷ್ಣನನ್ನು ಬೈದ ಶಿಶುಪಾಲನ ತೇಜಸ್ಸು ಕೃಷ್ಣನಲ್ಲೇ ಐಕ್ಯವಾಯಿತೆನ್ನುವ ಕಥೆಯಲ್ಲಂತೂ ಬೈಗುಳವೇ ಧ್ಯಾನದ ಕೆಲಸ ಮಾಡಿದೆ. ಇಂಥ ಪರಂಪರೆಯಲ್ಲಿ ದೇವರ ಹೆಸರು ಬೈಗುಳದ ಸರಕಾಗುವುದಕ್ಕೆ ಎಡೆಯೇ ಉಳಿಯಲಿಲ್ಲ.

ಎಡೆಯಿದ್ದದ್ದು ಶಾಪಕ್ಕೆ. ಬರಹದಲ್ಲಿ ಉಳಿದ ಕನ್ನಡದ ಮೊದಲ ಸಾಲುಗಳಲ್ಲೇ ಅದು ಕಾಣಿಸಿಕೊಂಡಿದೆ. ಕ್ರಿ.ಶ. 450ರ ಸುಮಾರಿನದೆಂದು ಸಾಮಾನ್ಯವಾಗಿ ಎಣಿಸುವ ಹಲ್ಮಿಡಿ ಶಾಸನದಲ್ಲಿ ದತ್ತಿಯನ್ನು ಕೆಡಿಸಿದವನಿಗೆ ಮಹಾಪಾತಕ ತಟ್ಟಲೆಂಬ ಮಾತಿದೆ. ಮುಂದೆ ಇದು ಶಾಸನಗಳ ಕೊನೆಯಲ್ಲಿ ಬರಲೇಬೇಕಾದ ಅಂಗವಾಗಿ ಬೆಳೆಯಿತು. ವಿದ್ವಾಂಸರು ಇದನ್ನು ಶಾಪಾಶಯವೆನ್ನುತ್ತಾರೆ. ದಾನವನ್ನು ಅಳಿದವನು ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನೂ ಬ್ರಾಹ್ಮಣರನ್ನೂ ಕೊಂದ ಪಾಪಕ್ಕೆ ಹೋಗುತ್ತಾನೆ, ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಮಾತುಗಳು ನೂರಾರು ಕಲ್ಲುಗಳಲ್ಲಿ ಮರುಕಳಿಸುತ್ತವೆ. ಜುಗುಪ್ಸೆ ಮತ್ತು ಅಮಂಗಳ ಎರಡನ್ನೂ ರಾಜಶಾಸನ ಅಧಿಕೃತವಾಗಿಯೇ ಬಳಸಿಕೊಂಡಿತ್ತೆಂದು ಇದರಿಂದ ಗೊತ್ತಾಗುತ್ತದೆ. ಮೂರನೆಯದಾದ ವ್ರೀಡೆಯನ್ನೂ ಅದು ಬಿಡಲಿಲ್ಲ. ಹನ್ನೊಂದನೆಯ ಶತಮಾನದಿಂದ ಮುಂದಕ್ಕೆ ಶಿಲಾಹಾರರ ಮತ್ತು ಅವರ ಅನಂತರದವರ ಆಳ್ವಿಕೆಯಲ್ಲಿ ಮಹಾರಾಷ್ಟ್ರ, ಗೋವಾ ಕಡೆಗಳಲ್ಲಿ ನೆಟ್ಟ ‘ಗಧೇಗಳ’ ಎಂಬ ಕಲ್ಲುಗಳಲ್ಲಿ ಕತ್ತೆಯೊಂದು ಹೆಂಗಸಿನ ಮೇಲೇರಿದ ಚಿತ್ರವನ್ನೇ ಕೆತ್ತಿ, ದತ್ತಿಗೆ ಕೈಹಾಕಿದವನ ತಾಯಿಗೆ ಈ ಗತಿ ಬರಲೆಂದು ಬರೆಸಿದ್ದಾರೆ. ಓದಲು ಬಾರದವನಿಗೂ ತಿಳಿಯುವಂತೆ ಕಲ್ಲಿನಲ್ಲಿ ಕಡೆದ ಈ ತಾಯಿಬೈಗುಳಕ್ಕೆ ಸೂರ್ಯಚಂದ್ರರೇ ಸಾಕ್ಷಿ. ಹೊಲ ಕಬಳಿಸುವವನು ಗಂಡಸು, ಆದರೆ ದಂಡ ತೆರಬೇಕಾದವಳು ಅವನ ತಾಯಿ. ಮುಂದಿನ ಸಾವಿರ ವರ್ಷದ ಬೈಗುಳಗಳು ನಡೆದದ್ದು ಇದೇ ದಾರಿಯಲ್ಲಿ.

ಊರಿನ ಶಾಪಕ್ಕೆ ಕಲ್ಲು ಬೇಕಿರಲಿಲ್ಲ, ಹಿಡಿ ಮಣ್ಣು ಸಾಕಿತ್ತು. ಮಣ್ಣನ್ನು ಬೊಗಸೆಯಲ್ಲೆತ್ತಿ ಎದುರಾಳಿಯ ಮನೆಯ ಕಡೆ ತೂರುತ್ತ, ನೆಟಿಗೆ ಮುರಿಯುತ್ತ ಹಾಕುವ ಶಾಪ ಬಹುಮಟ್ಟಿಗೆ ಹೆಂಗಸರ ಅಸ್ತ್ರವಾಗಿತ್ತು. ಪಂಚಾಯಿತಿ ಕಟ್ಟೆಯಲ್ಲಿ ಬಾಯಿ ತೆರೆಯುವ ಹಕ್ಕಿಲ್ಲದವಳಿಗೆ, ಸಾಹುಕಾರನ ಮೇಲೆ ದಾವೆ ಹೂಡಲಾರದವಳಿಗೆ ಉಳಿದಿದ್ದ ನ್ಯಾಯಾಲಯ ಅದೊಂದೇ. ‘ನಿನ್ನ ಮನೆ ಹಾಳಾಗ’, ‘ನಿನ್ನ ಬಾಯಿಗೆ ಮಣ್ಣು ಹಾಕ’, ‘ನಿನ್ನ ನಾಲಗೆ ಸೇದಿ ಹೋಗ’, ‘ನಿನ್ನ ಹೆಣ ಎತ್ತ’ ಎಂಬ ಈ ಮಾತುಗಳ ವ್ಯಾಕರಣವೂ ಕುತೂಹಲಕರವಾದದ್ದು. ಹಾರೈಕೆಯನ್ನು ಹೇಳುವ ಕ್ರಿಯಾರೂಪಕ್ಕೆ ಇಂದಿನ ಬರಹದಲ್ಲಿ ‘ಅಲಿ’ ಎಂಬ ಪ್ರತ್ಯಯ ಹತ್ತುತ್ತದೆ. ಶಾಪದಲ್ಲಿ ಮಾತ್ರ ಅದರ ಮೊಟಕು ರೂಪವೇ ಗಟ್ಟಿಯಾಗಿ ನಿಂತಿದೆ. ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂಬ ಹರಕೆಯೂ ‘ನಿನ್ನ ಹೊಟ್ಟೆ ಸೇದಿ ಹೋಗ’ ಎಂಬ ಶಾಪವೂ ಒಂದೇ ಅಚ್ಚಿನವು, ಒಂದೇ ಬಾಯಿಂದ ಬರುವಂಥವು. ಕಾಲ ಸರಿದಂತೆ ಶಾಪದ ಮೇಲಿನ ನಂಬಿಕೆ ಸವೆದು, ಅದು ಬರಿಯ ಬೈಗುಳವಾಗಿ ಇಳಿಯಿತು. ‘ಹಾಳಾಗಿ ಹೋಗು’ ಎನ್ನುವವರಲ್ಲಿ ಮನೆ ನಿಜವಾಗಿಯೂ ಹಾಳಾಗಲೆಂದು ಬಯಸುವವರು ಈಗ ಕಡಿಮೆ.

ಕನ್ನಡ ಬೈಗುಳದ ಇನ್ನೊಂದು ಮೂಲ ಹುಟ್ಟು. ಬಳಕೆಯಲ್ಲಿರುವ ತೀಕ್ಷ್ಣ ಬೈಗುಳಗಳಲ್ಲಿ ಬಹಳಷ್ಟು ‘ಇಂಥವಳ ಮಗ’ ಎಂಬ ಅಚ್ಚಿನವು, ಮತ್ತು ಆ ‘ಇಂಥವಳು’ ಯಾರೆಂದು ನೋಡಿದರೆ ಒಂದು ವಿಚಿತ್ರವಾದ ಸಂಗತಿ ಹೊರಬೀಳುತ್ತದೆ. ‘ಮುಂಡೆ’ ಎಂದರೆ ತಲೆ ಬೋಳಿಸಿದ ವಿಧವೆ. ‘ಬೋಳಿ’ ಎಂದರೂ ಅವಳೇ. ಸಂಸ್ಕೃತದಿಂದ ಬಂದ ‘ರಂಡೆ’ಯೂ ಮೂಲದಲ್ಲಿ ವಿಧವೆಯೇ. ಗಂಡ ಸತ್ತ ಮೇಲೆ ಹುಟ್ಟಿದವನೆಂಬ ಆರೋಪ, ಅಂದರೆ ತಂದೆಯಿಲ್ಲದವನು, ಕುಲದಲ್ಲಿ ಪಾಲಿಲ್ಲದವನು ಎಂಬ ಆರೋಪ ಈ ಮೂರರಲ್ಲೂ ಅಡಗಿದೆ. ‘ಬೇವರ್ಸಿ’ಯೂ ಇದೇ ಬಳಗದ್ದು: ವಾರಸುದಾರಿಕೆ ಇಲ್ಲದ್ದನ್ನು ಹೇಳುವ ಫಾರಸಿ ಪದವದು, ಬಹುಶಃ ಕಂದಾಯ ಮತ್ತು ಆಸ್ತಿಯ ಕಾಗದಪತ್ರಗಳ ಜೊತೆಗೇ ಕನ್ನಡಕ್ಕೆ ಬಂದು, ಒಡೆಯನಿಲ್ಲದ ಆಸ್ತಿಯಿಂದ ಅಪ್ಪನಿಲ್ಲದ ಮನುಷ್ಯನಿಗೆ ವರ್ಗವಾಗಿದೆ. ಬೆಳಗಾವಿ ಸೀಮೆಯಲ್ಲಿ ಕೇಳಿಬರುವ ‘ಭಾಡಖಾವ್’ ಮರಾಠಿಯಿಂದ ಬಂದದ್ದು. ಹೆಣ್ಣಿನ ಮೈಯ ಬಾಡಿಗೆ ತಿನ್ನುವವನೆಂದು ಅದರ ಅರ್ಥ. ಹಲ್ಕಟ್, ಲಫಂಗ, ಹರಾಮ್‌ಖೋರ್ ಮುಂತಾದವು ಮರಾಠಿ, ಉರ್ದುಗಳ ಸಹವಾಸದಿಂದ ಬಂದು ಇಂದು ಅಚ್ಚಗನ್ನಡದ ಬೈಗುಳಗಳಷ್ಟೇ ಸಲೀಸಾಗಿವೆ. ಬೈಗುಳದ ವಿಷಯದಲ್ಲಿ ಭಾಷಾಶುದ್ಧಿಯ ಚಳವಳಿಯನ್ನು ಯಾರೂ ಹೂಡಿದಂತಿಲ್ಲ.

‘ಸೂಳೆ’ ಎಂಬ ಪದದ ಕಥೆ ಇದಕ್ಕಿಂತ ಸಂಕೀರ್ಣವಾದದ್ದು. ಮಧ್ಯಕಾಲದ ಶಾಸನಗಳಲ್ಲಿ ಅದು ದೇವಾಲಯದ ಊಳಿಗದಲ್ಲಿದ್ದು ದತ್ತಿ ಪಡೆಯುತ್ತಿದ್ದ, ತಾನೂ ದಾನ ಕೊಡುತ್ತಿದ್ದ ಹೆಂಗಸರ ಹೆಸರಿನೊಡನೆ ಸಂಕೋಚವಿಲ್ಲದೆ ಬರುತ್ತದೆ. ಹನ್ನೆರಡನೆಯ ಶತಮಾನದ ವಚನಕಾರ್ತಿಯೊಬ್ಬಳು ಸೂಳೆ ಸಂಕವ್ವೆ ಎಂದೇ ಪ್ರಸಿದ್ಧಳು. ವೃತ್ತಿಯನ್ನು ಹೇಳುತ್ತಿದ್ದ ಹೆಸರು ಬೈಗುಳವಾಗಿ ಇಳಿದದ್ದು ಆ ಹೆಂಗಸರ ಸ್ಥಾನಮಾನ ಕುಸಿದದ್ದರ ದಾಖಲೆಯೂ ಹೌದು. ಗಂಡಸಿನ ಲಂಪಟತನವನ್ನು ಹಳಿಯಲು ಕನ್ನಡದಲ್ಲಿ ಪದಗಳಿಲ್ಲವೆಂದಲ್ಲ, ಆದರೆ ಅವು ಅರ್ಧ ಮೆಚ್ಚುಗೆಯಾಗಿಬಿಡುತ್ತವೆ. ಅವನನ್ನು ನೋಯಿಸಬೇಕಾದರೆ ಅವನ ತಾಯಿಯನ್ನೋ ಅಕ್ಕತಂಗಿಯರನ್ನೋ ಎಳೆದು ತರಬೇಕು. ಇಬ್ಬರು ಗಂಡಸರ ಜಗಳದಲ್ಲಿ ಅಲ್ಲಿ ಇಲ್ಲದ ಹೆಂಗಸಿನ ಮಾನ ಹೋಗುವುದಕ್ಕೆ ಅವಳ ಶೀಲವನ್ನು ಅವನ ಆಸ್ತಿಯೆಂದು ಬಗೆದ ವ್ಯವಸ್ಥೆಯೇ ಕಾರಣ.

ಪ್ರಾಣಿಗಳ ಹೆಸರಿನ ಬೈಗುಳದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಇಂಗ್ಲಿಷ್ ಮಾನವಶಾಸ್ತ್ರಜ್ಞ ಎಡ್ಮಂಡ್ ಲೀಚ್ 1964ರ ಒಂದು ಪ್ರಬಂಧದಲ್ಲಿ, ಮನೆಗೆ ತೀರ ಹತ್ತಿರವಾಗಿದ್ದೂ ಮನೆಯವರಲ್ಲದ ಪ್ರಾಣಿಗಳೇ ಬೈಗುಳಕ್ಕೆ ಸಿಕ್ಕುತ್ತವೆಂದು ವಾದಿಸಿದ್ದ. ನಾಯಿ, ಹಂದಿ, ಕತ್ತೆಗಳ ಮಟ್ಟಿಗೆ ಅದು ಕನ್ನಡಕ್ಕೂ ಒಪ್ಪುತ್ತದೆ. ಅದೇ ಹಟ್ಟಿಯಲ್ಲಿದ್ದರೂ ಹಸು ಸಾಧುಸ್ವಭಾವಕ್ಕೆ ಹೋಲಿಕೆಯಾಗಿ ಎಮ್ಮೆ ಕೋಣಗಳು ಜಡತನಕ್ಕೆ ಹೋಲಿಕೆಯಾದದ್ದನ್ನು ಮಾತ್ರ ಆ ವಾದ ವಿವರಿಸಲಾರದು.

ನಿಷಿದ್ಧವಾದ ಮಾತಿಗೇ ಒಂದು ದಿನ, ಒಂದು ಜಾಗ ಕೊಟ್ಟು ಕಡ್ಡಾಯಮಾಡಿದ ಸಂಪ್ರದಾಯಗಳು ಈ ವಿಷಯದ ಇನ್ನೊಂದು ಮುಖ. ಅಶ್ವಮೇಧದ ವಿಧಿಯಲ್ಲಿ ಋತ್ವಿಜರಿಗೂ ರಾಣೀವಾಸದ ಹೆಂಗಸರಿಗೂ ನಡೆಯುವ ಅಶ್ಲೀಲ ಸಂವಾದವನ್ನು ಯಜುರ್ವೇದದ ಸಂಹಿತೆಗಳೇ ಇಟ್ಟುಕೊಂಡಿವೆ; ಅದು ಮುಗಿದೊಡನೆ, ಆಡಿದ ಬಾಯಿ ಮತ್ತೆ ಸುಗಂಧವಾಗಲೆಂದು ದಧಿಕ್ರಾವನೆಂಬ ದಿವ್ಯಾಶ್ವದ ಮಂತ್ರವನ್ನು ಹೇಳಿಕೊಳ್ಳಬೇಕು. ಮಾತು ಹೊಲಸೆಂಬುದೂ ಗೊತ್ತು, ಅದು ಬೇಕೆಂಬುದೂ ಗೊತ್ತು. ಉತ್ತರ ಕರ್ನಾಟಕದ ಹೋಳಿಹುಣ್ಣಿಮೆಯಲ್ಲಿ ಹಲಗೆ ಬಡಿಯುತ್ತ, ಬಾಯಿಗೆ ಕೈಬಡಿದು ಲಬೋ ಲಬೋ ಎಂದು ಹೊಯ್ಕೊಳ್ಳುತ್ತ, ಉಳಿದ ದಿನ ಆಡಿದರೆ ಏಟು ಬೀಳುವಂಥ ಮಾತುಗಳನ್ನು ಹುಡುಗರು ಹಿರಿಯರ ಮುಂದೆಯೇ ಕೂಗುತ್ತಾರೆ. ಕಾಮನಿಗೆಂದು ಕಟ್ಟಿಗೆ ಕುಳ್ಳು ಕದಿಯುವ ಮಕ್ಕಳು ತಮ್ಮನ್ನೇ ಬೈದುಕೊಳ್ಳುವ ಹಾಡನ್ನೂ ಹಾಡುತ್ತಾರೆ. ಮದುವೆಮನೆಯಲ್ಲಿ ಬೀಗರನ್ನು ಜರೆಯುವ ಹಾಡುಗಳಲ್ಲಿ ಬೀಗಿತ್ತಿಯ ರೂಪ, ನಡತೆ, ಹೊಟ್ಟೆಬಾಕತನ ಯಾವುದೂ ಉಳಿಯುವುದಿಲ್ಲ, ಕೇಳಿದವರು ನಗಲೇಬೇಕು. ತೊಗಲುಗೊಂಬೆಯಾಟದ ಕಿಳ್ಳೇಕ್ಯಾತನೂ ಅವನ ಹೆಂಡತಿ ಬಂಗಾರಕ್ಕನೂ ರಾಮಾಯಣದ ನಡುವೆಯೇ ಬಂದು ಆಡುವ ಪೋಲಿಮಾತಿಗೆ ಇಂಥದೇ ಪರವಾನಗಿಯಿದೆ.

ಇವೆಲ್ಲಕ್ಕಿಂತ ಹರಿತವಾದದ್ದು ಕೊಡಗಿನ ಕುಂಡೆ ಹಬ್ಬ. ಪ್ರತಿವರ್ಷ ಮೇ ತಿಂಗಳಲ್ಲಿ ದಕ್ಷಿಣ ಕೊಡಗಿನ ಜೇನುಕುರುಬರು, ಯರವರು ಮೊದಲಾದ ಬುಡಕಟ್ಟುಗಳವರು ಹೆಣ್ಣುವೇಷ ತೊಟ್ಟು, ಮುಖಕ್ಕೆ ಬಣ್ಣ ಮೆತ್ತಿಕೊಂಡು, ತಗಡಿನ ಡಬ್ಬ, ಪ್ಲಾಸ್ಟಿಕ್ ಕೊಡಗಳನ್ನು ಬಡಿಯುತ್ತ ಗೋಣಿಕೊಪ್ಪದ ಸುತ್ತಿನ ಪೇಟೆಗಳಲ್ಲಿ ಅಂಗಡಿ, ಮನೆ, ಬಸ್ಸುಗಳನ್ನು ತಡೆದು ಎದುರು ಬಂದವರನ್ನೆಲ್ಲ ಹೊಲಸು ಮಾತುಗಳಿಂದ ಬೈದು ಕಾಸು ಕೇಳುತ್ತಾರೆ, ಅನಂತರ ದೇವರಪುರದ ಭದ್ರಕಾಳಿ ಗುಡಿಗೆ ಹೋಗುತ್ತಾರೆ. ಅಯ್ಯಪ್ಪ ದೇವರು ತಮ್ಮನ್ನು ಬೇಟೆಗೆಂದು ಕಾಡಿಗೆ ಕರೆತಂದು, ಭದ್ರಕಾಳಿಯನ್ನು ಕಂಡೊಡನೆ ಅವಳ ಹಿಂದೆ ಹೋಗಿ, ತಮ್ಮನ್ನು ಕಾಡಿನಲ್ಲೇ ಬಿಟ್ಟನೆಂಬುದು ಅವರು ಹೇಳುವ ಕಾರಣ. ಬೈಗುಳ ಮೊದಲು ಸಲ್ಲುವುದು ಆ ದೇವರಿಗೆ. ವರ್ಷವಿಡೀ ಕಾಫಿ ತೋಟಗಳಲ್ಲಿ ಕೂಲಿಮಾಡುವವರು ಅಂದು ತೋಟದ ಒಡೆಯರನ್ನೂ ಬೈಯಬಹುದು, ಒಡೆಯರು ಸಿಟ್ಟಾಗುವಂತಿಲ್ಲ. ಇಂಥ ಹಬ್ಬಗಳು ಅಸಮಾಧಾನದ ಹಬೆಯನ್ನು ಹೊರಬಿಟ್ಟು ವ್ಯವಸ್ಥೆಯನ್ನು ಕಾಯುತ್ತವೆಂದು ಮಾನವಶಾಸ್ತ್ರದ ಪುಸ್ತಕಗಳು ಹೇಳುವುದು ವಾಡಿಕೆ. ಆ ವಿವರಣೆ ತಪ್ಪೇನಲ್ಲ. ಆದರೆ ಕಾಡು ಕಳೆದುಕೊಂಡವರು ತಮ್ಮನ್ನು ಕಾಡಿಗೆ ತಂದು ಕೈಬಿಟ್ಟ ದೇವರನ್ನು ವರ್ಷವರ್ಷವೂ ಬೈಯುವುದರಲ್ಲಿ ಬರಿಯ ಹಬೆಗಿಂತ ಹೆಚ್ಚಿನ ಲೆಕ್ಕಾಚಾರ ಇರುವಂತಿದೆ. ಕೇರಳದ ಕೊಡುಂಗಲ್ಲೂರು ಭರಣಿಯಲ್ಲಿ ಭಗವತಿಗೆ ಅರ್ಪಿತವಾಗುವ ಅಶ್ಲೀಲ ಹಾಡುಗಳು ಇದರ ಹತ್ತಿರದ ನಂಟು.

ಭಕ್ತಿಸಾಹಿತ್ಯ ಈ ಸಲಿಗೆಯನ್ನು ಒಂದು ಕಲೆಯಾಗಿಯೇ ಬೆಳೆಸಿತು. ಬೈಯುವ ನೆವದಲ್ಲಿ ಹೊಗಳುವುದಕ್ಕೆ ಅಲಂಕಾರಶಾಸ್ತ್ರದಲ್ಲಿ ವ್ಯಾಜಸ್ತುತಿಯೆಂದೂ ದಾಸಸಾಹಿತ್ಯದಲ್ಲಿ ನಿಂದಾಸ್ತುತಿಯೆಂದೂ ಹೆಸರು. ಪುರಂದರದಾಸರೂ ಕನಕದಾಸರೂ ವಿಷ್ಣುವಿನ ಅವತಾರಗಳನ್ನೂ ಲೀಲೆಗಳನ್ನೂ ಕಳ್ಳತನ, ಜಿಪುಣತನ, ನಾಚಿಕೆಗೇಡಿತನಗಳ ಪಟ್ಟಿಯಾಗಿ ಓದಿ ಹೇಳಬಲ್ಲರು. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನ ದಾರಿ ಬೇರೆ: ಅವನಲ್ಲಿ ನೆವವಿಲ್ಲ, ಹೊಗಳಿಕೆಯೂ ಇಲ್ಲ. ಡಾಂಭಿಕ ಗುರುಗಳನ್ನೂ ಸೋಗಿನ ಭಕ್ತರನ್ನೂ ಮೆಟ್ಟಿನಲ್ಲಿ ಹೊಡೆಯಬೇಕೆನ್ನುವ ಬಿರುನುಡಿ ಅವನ ವಚನಗಳ ಗುರುತು. ಪಂಡಿತರ ಮನೆಯ ಕನ್ನಡದಲ್ಲಿ ಹೇಳಲಾಗದ್ದನ್ನು ಹೊಳೆ ದಾಟಿಸುವವನ ಕನ್ನಡ ಹೇಳಿತು.

ಬೈಗುಳಕ್ಕೆ ಮಿದುಳಿನಲ್ಲೂ ಬೇರೆಯದೇ ಜಾಗವಿರುವಂತೆ ಕಾಣುತ್ತದೆ. 1861ರಲ್ಲಿ ಪ್ಯಾರಿಸಿನ ವೈದ್ಯ ಪಾಲ್ ಬ್ರೋಕಾ ಪರೀಕ್ಷಿಸಿದ, ಮಾತು ಹೋಗಿದ್ದ ರೋಗಿಯೊಬ್ಬ ‘ತಾನ್’ ಎಂಬ ಒಂದು ಧ್ವನಿಯನ್ನಷ್ಟೇ ಹೊರಡಿಸಬಲ್ಲವನಾಗಿದ್ದರೂ ಸಿಟ್ಟು ಬಂದಾಗ ದೇವರ ಹೆಸರಿನ ಬೈಗುಳವೊಂದನ್ನು ಸ್ಪಷ್ಟವಾಗಿ ಆಡುತ್ತಿದ್ದ. ಯೋಚಿಸಿ ಕಟ್ಟುವ ವಾಕ್ಯ ಕೆಟ್ಟುಹೋದರೂ ತಾನಾಗಿ ಚಿಮ್ಮುವ ಮಾತು ಉಳಿಯುತ್ತದೆಂದು ಇದರಿಂದ ತಿಳಿಯಿತು. ಬ್ರಿಟನ್ನಿನ ಕೀಲ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಟೀಫನ್ಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಜನರು ಬೈಗುಳವೊಂದನ್ನು ಹೇಳುತ್ತ ಕೈಯನ್ನು ತಣ್ಣೀರಿನಲ್ಲಿಟ್ಟಾಗ, ಸಾಮಾನ್ಯ ಪದ ಹೇಳುತ್ತ ಇಟ್ಟಾಗಿನದಕ್ಕಿಂತ ಹೆಚ್ಚು ಹೊತ್ತು ನೋವು ತಾಳಿದರು. ಬಹುಭಾಷಿಕರಿಗೆ ತಾಯಿನುಡಿಯ ಬೈಗುಳವೇ ಹೆಚ್ಚು ಚುಚ್ಚುತ್ತದೆಂದು ಭಾಷಾವಿಜ್ಞಾನಿ ಜಾನ್-ಮಾರ್ಕ್ ದೆವಾಲ್ 2004ರಲ್ಲಿ ತೋರಿಸಿದ್ದು, ಬೆಂಗಳೂರಿನ ಓದಿದ ಮನೆಗಳಲ್ಲಿ ಕನ್ನಡದ ಒಂದು ಬೈಗುಳಕ್ಕೂ ಬೆಚ್ಚುವವರು ಇಂಗ್ಲಿಷಿನ ನಾಲ್ಕಕ್ಷರದ ಪದಗಳನ್ನು ಊಟದ ಮೇಜಿನಲ್ಲೇ ಆಡುವುದಕ್ಕೆ ಕಾರಣ ಕೊಡುತ್ತದೆ.

ಆದರೆ ಬೈಗುಳದ ಅರ್ಥ ಪದದಲ್ಲಷ್ಟೇ ಇರುವುದಿಲ್ಲ. ಯಾರು ಯಾರಿಗೆ ಆಡಿದರೆಂಬುದರಲ್ಲಿ ಅದರ ಬಹುಪಾಲು ಇರುತ್ತದೆ. ಧಾರವಾಡದ ಕಡೆ ‘ಮಂಗ್ಯಾನ ಮಗನ’ ಎಂಬುದು ಗೆಳೆಯರ ನಡುವೆ ಕುಶಲಪ್ರಶ್ನೆಯಷ್ಟೇ ಹಗುರ. ಅಜ್ಜಿ ಮೊಮ್ಮಗನನ್ನು ‘ಮುಂಡೇದೆ’ ಎಂದು ಕರೆದರೆ ಅದು ಮುದ್ದು. ಇದಕ್ಕೆ ತಿರುಗುಮುರುಗಾಗಿ, ಒಂದೂ ಕೆಟ್ಟ ಪದವಿಲ್ಲದೆ, ‘ನೀವು’ ಎನ್ನಬೇಕಾದಲ್ಲಿ ‘ನೀನು’ ಎಂದರೆ ಸಾಕು, ಹೊಡೆದಾಟವಾಗುತ್ತದೆ. ‘ಏಕವಚನದಲ್ಲಿ ವಾಗ್ದಾಳಿ’ ಎಂಬ ಪತ್ರಿಕೆಗಳ ತಲೆಬರಹವನ್ನು ಗೌರವದ ಬಹುವಚನವಿಲ್ಲದ ಭಾಷೆಯವರಿಗೆ ವಿವರಿಸುವುದು ಸುಲಭವಲ್ಲ. ಕೆಲವು ಜಾತಿಯವರಿಗೆ ಈ ಏಕವಚನ ತಲೆಮಾರುಗಳಿಂದ ಹುಟ್ಟಿನೊಡನೆಯೇ ಬಂದದ್ದು. ಅವರ ಜಾತಿಯ ಹೆಸರನ್ನೇ ಬೈಗುಳವಾಗಿ ಬಳಸಲಾಗಿದೆ. ಆ ಭಾರ ಹೊತ್ತವರು ಮಾತನ್ನು ತಿರುಗಿಸಿದಾಗ ಏನಾಗುತ್ತದೆಂಬುದನ್ನು 1973ರ ನವೆಂಬರಿನಲ್ಲಿ ಕರ್ನಾಟಕ ಕಂಡಿತು: ಮೈಸೂರಿನ ಸಭೆಯೊಂದರಲ್ಲಿ ದಲಿತ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು, ದನದ ಮೇವಿನ ಆ ಒಂದು ಪದಕ್ಕೆ ಬೀದಿಗಳಲ್ಲಿ ಗಲಭೆಯಾಗಿ ಅವರು ಪದವಿ ಬಿಡಬೇಕಾಯಿತು. ಎರಡು ವರ್ಷಗಳ ಅನಂತರ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಕೇರಿಯ ಬೈಗುಳವನ್ನು, ಅದರ ಉಚ್ಚಾರಣೆಯನ್ನೂ ಸೇರಿಸಿಕೊಂಡು, ಕವಿತೆಯೊಳಕ್ಕೆ ತಂದಿತು. ಬೈಸಿಕೊಂಡವರು ಬೈದಾಗ ಅದೇ ಪದಕ್ಕೆ ಬೇರೆ ಅರ್ಥ ಬರುತ್ತದೆಂಬುದನ್ನು ಕನ್ನಡ ಕಾವ್ಯ ಆ ಹೊತ್ತಿಗೆ ಒಪ್ಪಿಕೊಂಡಿತು.

ಕಾನೂನಿಗೆ ಈ ಒಪ್ಪಿಗೆ ನಿಧಾನವಾಗಿ ಬರುತ್ತಿದೆ. ಸಾರ್ವಜನಿಕ ಸ್ಥಳದಲ್ಲಿ ಅಶ್ಲೀಲ ಪದ ಆಡುವುದಕ್ಕೆ ಭಾರತೀಯ ದಂಡಸಂಹಿತೆಯಲ್ಲಿದ್ದ 294ನೆಯ ಕಲಮು, ಕೆಣಕುವ ಅವಮಾನಕ್ಕಿದ್ದ 504ನೆಯ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 296 ಮತ್ತು 352 ಆಗಿವೆ. ಕರ್ನಾಟಕದ ಪೊಲೀಸು ದೂರುಗಳಲ್ಲಿ ಇವುಗಳ ಅಡಿ ಬರೆಯುವ ವಾಕ್ಯ ಬಹುತೇಕ ಒಂದೇ: ‘ಅವಾಚ್ಯ ಶಬ್ದಗಳಿಂದ ನಿಂದಿಸಿ’. ಆಡಿದ್ದು ಶಾಪವೋ ತಾಯಿಬೈಗುಳವೋ ಬರಿಯ ಏಕವಚನವೋ, ಎಲ್ಲವೂ ಆ ಒಂದು ಗಂಟಿನಲ್ಲಿ ಸೇರಿಹೋಗುತ್ತವೆ. ಹಿಂದಿ ವೆಬ್ ಸರಣಿಯೊಂದರ ಪ್ರಕರಣದಲ್ಲಿ 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು, ಬೈಗುಳದ ಪದಗಳು ಅಕ್ಷರಾರ್ಥದಲ್ಲಿ ಕಾಮವನ್ನು ಹೇಳಿದರೂ ಬಳಕೆಯಲ್ಲಿ ಸಿಟ್ಟು, ಹತಾಶೆ, ಉದ್ವೇಗಗಳನ್ನಷ್ಟೇ ಸೂಚಿಸುತ್ತವಾದ್ದರಿಂದ ಒರಟುಮಾತೆಲ್ಲ ಅಶ್ಲೀಲವಾಗದು ಎಂದು ಹೇಳಿತು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯಿದೆಯ ನಡೆ ಇದಕ್ಕಿಂತ ಬೇರೆ: 1989ರ ಆ ಕಾಯಿದೆಗೆ 2015ರಲ್ಲಿ ಮಾಡಿದ ತಿದ್ದುಪಡಿ ಜಾತಿಯ ಹೆಸರು ಹಿಡಿದು ಬೈಯುವುದನ್ನೇ ಪ್ರತ್ಯೇಕ ಅಪರಾಧವೆಂದು ಹೆಸರಿಸಿದೆ, ಪದವೇ ಅಲ್ಲಿ ಅಪರಾಧದ ತಿರುಳಾಗಿರುವುದರಿಂದ ‘ಅವಾಚ್ಯ’ವೆಂಬ ಮುಸುಕು ಕೆಲಸಕ್ಕೆ ಬರುವುದಿಲ್ಲ. ಆದರೆ ಬೈದದ್ದು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಆಗಿರಬೇಕೆಂಬ ಷರತ್ತು ಅದರಲ್ಲಿದೆ, ಮತ್ತು ಹೊರಗಿನವರಾರೂ ಇಲ್ಲದ ಮನೆಯೊಳಗೆ ಆಡಿದ ಮಾತು ಈ ಷರತ್ತಿಗೆ ಒಳಪಡದೆಂದು 2020ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಜಾತಿಯ ಬೈಗುಳ ಹೆಚ್ಚಾಗಿ ಬೀಳುವುದು ಕೂಲಿಯವನೂ ಒಡೆಯನೂ ಇಬ್ಬರೇ ಇರುವ ಹಿತ್ತಿಲಿನಲ್ಲಿ, ಕೊಟ್ಟಿಗೆಯಲ್ಲಿ, ತೋಟದ ಮನೆಯಲ್ಲಿ.